ವೈಡ್‌ಸ್ಕ್ರೀನ್ ಟೇಪಿನ ಸ್ಥಿರಚಿತ್ರಗಳು ಮತ್ತು ಒಂದು ಹರಿವಾಣದ ಅಳತೆ

ನಮ್ಮ ಊರಿನ ಹಿರಿಯ ಬಡಗುತಿಟ್ಟು ಯಕ್ಷಗಾನ ಕಲಾವಿದರೊಬ್ಬರ ಅಭಿನಂದನ ಗ್ರಂಥಕ್ಕೆ ಕಳೆದ ವರ್ಷ ನಾನು 64 ಚಿತ್ರಗಳನ್ನು ಒದಗಿಸಿದೆ. ಅವುಗಳಲ್ಲಿ ಒಂದೂ ಫೋಟೋ ಕ್ಯಾಮೆರಾದಲ್ಲಿ ತೆಗೆದದ್ದಲ್ಲ. ಬಹುತೇಕ ಎಲ್ಲವೂ 2004ರಿಂದ 2007ರವರೆಗೆ ನಾನು ಸೋನಿ ಪಿಡಿ170 ವಿಡಿಯೋ ಕ್ಯಾಮೆರಾದ 16:9, ಅಂದರೆ ವೈಡ್‌ಸ್ಕ್ರೀನ್, ಮೋಡ್‌ನಲ್ಲಿ ದಾಖಲಿಸಿಟ್ಟಿದ್ದ ಸುಮಾರು 40 ಮಿನಿ ಡಿವಿ ಟೇಪುಗಳಿಂದ ಹೊರತೆಗೆದ ಫ್ರೇಮುಗಳು. ಅವರ ಉತ್ತುಂಗದ ಆ ನಾಲ್ಕು ವರ್ಷಗಳ ವೇಷಗಳಿಗೆ ಬೇರೆ ದಾಖಲೆ ಆಗ ನಮ್ಮ ಕೈಯಲ್ಲಿರಲಿಲ್ಲ. ವಿಡಿಯೋದಿಂದ ಪುಸ್ತಕಕ್ಕೆ ಚಿತ್ರ ಕೊಡುವುದು ಆಗದ ಮಾತೆಂದು ಮುದ್ರಕರು ಹೇಳಿದರು, ವಿನ್ಯಾಸಕಾರರು ಹೇಳಿದರು, ಮೂವತ್ತು ವರ್ಷ ಸ್ಟುಡಿಯೋ ನಡೆಸಿದ ನನ್ನ ಸ್ನೇಹಿತರೂ ಹೇಳಿದರು. ಪುಸ್ತಕ ಹೊರಬಂದ ಮೇಲೆ ಅದೇ ಸ್ನೇಹಿತರು ಪುಟ ತಿರುವಿ, ಇವುಗಳಲ್ಲಿ ಫೋಟೋ ಯಾವುದು, ವಿಡಿಯೋ ಯಾವುದು ಎಂದು ಕೇಳಿದ್ದರಿಂದ ಈ ಅನುಭವವನ್ನು ಬರೆದಿಡಬೇಕೆನಿಸಿತು.

ಮೊದಲ ಸೋಲು ಎಲ್ಲರೂ ಒಮ್ಮೆ ಕಾಣುವಂಥದ್ದೇ. ಎಡಿಟಿಂಗ್ ತಂತ್ರಾಂಶದಿಂದ ಫ್ರೇಮುಗಳನ್ನು ಹೊರತೆಗೆದು ಹಾಗೆಯೇ ಕಳುಹಿಸಿದೆ. ಅವೆಲ್ಲ 720×576 ಗಾತ್ರದ ಕಡತಗಳಾಗಿದ್ದವು. 16:9 ಮೋಡ್‌ನಲ್ಲಿ ಟೇಪಿನ ಪಿಕ್ಸೆಲ್ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು; ಅದನ್ನು ತಿಳಿಸುವ ವೈಡ್‌ಸ್ಕ್ರೀನ್ ಎಂಬ ಗುರುತು ಟೇಪಿನೊಂದಿಗೇ ಉಳಿದುಹೋಗಿತ್ತು. ವೇಷಧಾರಿಗಳ ಮುಖಗಳು ಹೀರೇಕಾಯಿಯಂತೆ ನೀಳವಾದವು, ಕಿರೀಟಗಳು ಗೋಪುರಗಳಾದವು. ಎರಡನೆಯ ಬಾರಿ ಫೋಟೋಶಾಪಿನಲ್ಲಿ ಪಿಕ್ಸೆಲ್ ಅನುಪಾತವನ್ನು (ಪಿಕ್ಸೆಲ್ಲಿನ ಅಗಲವನ್ನು ಅದರ ಎತ್ತರದಿಂದ ಭಾಗಿಸಿದ್ದು) ಡಿವಿ ವೈಡ್‌ಸ್ಕ್ರೀನ್‌ಗೆ ಹೊಂದಿಸಿದಾಗ ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕಂಡಿತು. ಆದರೆ ಆ ತಿದ್ದುಪಡಿ ನೋಟಕ್ಕೆ ಮಾತ್ರ ಅನ್ವಯಿಸುತ್ತದೆ. ಉಳಿಸಿದ ಜೆಪೆಗ್ ಕಡತದಲ್ಲಿ ಅಗಲ 720 ಪಿಕ್ಸೆಲ್ಲೇ ಇರುತ್ತದೆ. ಪುಟವಿನ್ಯಾಸದ ತಂತ್ರಾಂಶ ಆ ಪಿಕ್ಸೆಲ್‌ಗಳನ್ನು ಚೌಕವೆಂದೇ ಎಣಿಸಿತು. ಆರ್ಟ್ ಪೇಪರಿನ ಮೇಲೆ ತೆಗೆಸಿದ ಪ್ರೂಫಿಗೆ ಸುಮಾರು ₹4,000 ಹೋಯಿತು.

ಮೂರನೆಯ ಸೋಲು ಸೂಕ್ಷ್ಮವಾದದ್ದು, ನನ್ನ ಹೆಚ್ಚಿನ ಹಣ ಹೋದದ್ದೂ ಅಲ್ಲಿಯೇ. 16:9 ಎಂದ ಮೇಲೆ 576ಕ್ಕೆ 1024 ಎಂದು ಲೆಕ್ಕ ಹಾಕಿ ಪೂರ್ತಿ 720 ಪಿಕ್ಸೆಲ್‌ಗಳನ್ನು 1024ಕ್ಕೆ ಹಿಗ್ಗಿಸಿದೆ, ಅಂದರೆ 1.422ರ ಅನುಪಾತ. ಎಲ್ಲರೂ ಒಪ್ಪಿದರು, 16 ಪುಟಗಳ ಒಂದು ಫಾರಂ ಮುದ್ರಣವೂ ಆಯಿತು. ಆಗ ಕಲಾವಿದರ ಮನೆಯಲ್ಲಿ ಅದೇ ರಾತ್ರಿಯ ಆಟದ ಒಂದು ಹಳೆಯ ಫೋಟೋ ಸಿಕ್ಕಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ನನ್ನ ಚಿತ್ರದಲ್ಲಿ ವೇಷ ಸ್ವಲ್ಪ ಸಣಕಲಾಗಿ ಕಂಡಿತು, ಇಕ್ಕೆಲಗಳಲ್ಲಿ ತೆಳುವಾದ ಕಪ್ಪು ಅಂಚೂ ಇತ್ತು. ವ್ಯತ್ಯಾಸ ಶೇಕಡಾ ಎರಡಕ್ಕಿಂತ ತುಸು ಹೆಚ್ಚು, ಅಷ್ಟೇ. ಬಹಳ ಜನರಿಗೆ ಅದು ಕಾಣುವುದಿಲ್ಲವೆಂದು ಮುದ್ರಕರು ವಾದಿಸಿದರು. ಆದರೆ ಜೀವಮಾನವಿಡೀ ತನ್ನ ಕೈಯಾರೆ ವೇಷ ಕಟ್ಟಿಕೊಂಡ ಕಲಾವಿದನ ಕಣ್ಣಿಗೆ ಅದು ಕಾಣುತ್ತದೆ, ಅವರಿಗೆ ಕಂಡಿತು ಕೂಡ. ಆ ಫಾರಂ ರದ್ದಾಯಿತು. ಪ್ಲೇಟು, ಕಾಗದ ಎಲ್ಲ ಸೇರಿ ₹22,000ದಷ್ಟನ್ನು ನನ್ನ ಕೈಯಿಂದಲೇ ಕೊಟ್ಟೆ.

ಪ್ಯಾಲ್ (ನಮ್ಮ ದೇಶದ ಹಳೆಯ ಟಿವಿ ಪದ್ಧತಿ) ಡಿವಿಯ 720 ಪಿಕ್ಸೆಲ್‌ಗಳಲ್ಲಿ ನಿಜವಾದ ಚಿತ್ರ ಇರುವುದು ನಡುವಿನ ಸುಮಾರು 702ರಲ್ಲಿ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು, ಡಿವಿ ಮಾದರಿ ತೆಗೆಯುವ 13.5 ಮೆಗಾಹರ್ಟ್ಸ್ ವೇಗವನ್ನು ಒಂದು ಗೆರೆಯಲ್ಲಿ ಚಿತ್ರವಿರುವ 52 ಮೈಕ್ರೋಸೆಕೆಂಡಿನಿಂದ ಗುಣಿಸಿದರೆ ಬರುವ ಸಂಖ್ಯೆ ಅದೇ. ಅಡೋಬಿಯ ತಂತ್ರಾಂಶಗಳಲ್ಲಿ ಸಿಎಸ್4 ಆವೃತ್ತಿಯಿಂದ 1.422ರ ಬದಲು 1.4587 ಬಂದದ್ದೂ, ಎಂಪೆಗ್ 4 ಎಂಬ ವಿಡಿಯೋ ಮಾನದಂಡದಲ್ಲಿ 16/11 ಇರುವುದೂ ಇದೇ ಕಾರಣಕ್ಕಾಗಿ. ನನ್ನ ಕ್ಯಾಮೆರಾ ಇವುಗಳಲ್ಲಿ ಯಾವುದನ್ನು ಪಾಲಿಸುತ್ತದೆ ಎಂಬುದನ್ನು ಪುಸ್ತಕದಿಂದ ತಿಳಿಯುವ ಬದಲು ಆ ಕ್ಯಾಮೆರಾದಿಂದಲೇ ತಿಳಿಯಲು ನಿರ್ಧರಿಸಿದೆ.

ಅದಿನ್ನೂ ನನ್ನ ಬಳಿ ಇತ್ತು. ಊಟದ ದೊಡ್ಡ ಸ್ಟೀಲ್ ಹರಿವಾಣವೊಂದನ್ನು ಗೋಡೆಗೆ ನೇತುಹಾಕಿ, ಕ್ಯಾಮೆರಾವನ್ನು ಅಂಗಳದ ಆಚೆ ತುದಿಯಲ್ಲಿ ಅದೇ ಎತ್ತರಕ್ಕೆ ನಿಲ್ಲಿಸಿ, ಜೂಮ್ ಮಾಡಿ, ಹರಿವಾಣ ಚೌಕಟ್ಟಿನ ನಟ್ಟನಡುವೆ ಬರುವಂತೆ 16:9 ಮೋಡ್‌ನಲ್ಲಿ ಚಿತ್ರಿಸಿದೆ. ಹೊರತೆಗೆದ ಫ್ರೇಮಿನಲ್ಲಿ ಹರಿವಾಣದ ಎತ್ತರ ಸುಮಾರು 400 ಗೆರೆ, ಅಗಲ 275 ಪಿಕ್ಸೆಲ್. ದೂರ ಬದಲಿಸಿ ಮತ್ತೆರಡು ಬಾರಿ ಅಳೆದಾಗಲೂ ಅನುಪಾತ 1.45 ಮತ್ತು 1.46ರ ನಡುವೆಯೇ ಬಂದಿತು. 1.422 ತಪ್ಪೆಂಬುದು ಅಂದೇ ಖಚಿತವಾಯಿತು. ಉಳಿದೆರಡರ ನಡುವಿನ ಅಂತರ ನನ್ನ ಅಳತೆಗೆ ಸಿಗದಷ್ಟು ಸಣ್ಣದು. ನಾನು 16/11ನ್ನು ಆರಿಸಿಕೊಂಡೆ, ಏಕೆಂದರೆ ಎರಡೂ ಬದಿಯಲ್ಲಿ 8 ಪಿಕ್ಸೆಲ್ ಕತ್ತರಿಸಿದರೆ ಉಳಿಯುವ 704 ಸರಿಯಾಗಿ 1024 ಆಗುತ್ತದೆ, ಕಪ್ಪು ಅಂಚೂ ಬಹುಮಟ್ಟಿಗೆ ಹೋಗುತ್ತದೆ.

ಕಡತದಲ್ಲಿರುವ ಗುರುತನ್ನು ನಂಬಿ ಕೆಲಸ ಮಾಡಬಾರದೆಂಬುದನ್ನೂ ನಾನು ನಷ್ಟದಿಂದಲೇ ಕಲಿತೆ. ಹಳೆಯ ಕಂಪ್ಯೂಟರಿನಲ್ಲಿ ಇಳಿಸಿಟ್ಟಿದ್ದ ಹತ್ತು ಹನ್ನೊಂದು ಟೇಪುಗಳ ಕಡತಗಳು ವೈಡ್‌ಸ್ಕ್ರೀನ್ ಆಗಿದ್ದರೂ 4:3 ಎಂದೇ ಹೇಳಿಕೊಳ್ಳುತ್ತಿದ್ದವು. ₹1,800ಕ್ಕೆ, ಡಿವಿ ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ಫೈರ್‌ವೈರ್ ಕಾರ್ಡೊಂದನ್ನು ಕೊಂಡು, ಗಂಟೆಗೆ 13 ಗಿಗಾಬೈಟಿನಂತೆ ಅವನ್ನೆಲ್ಲ ಮತ್ತೊಮ್ಮೆ ಇಳಿಸಿದೆ. ಈಗ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ತಂತ್ರಾಂಶದಲ್ಲಿ ಅನುಪಾತವನ್ನು ಕಡತದಿಂದ ಓದಿಸುವುದಿಲ್ಲ, ನಾನೇ ಕೊಡುತ್ತೇನೆ. ಕೊನೆಯಲ್ಲಿ ಪಿಕ್ಸೆಲ್ ಚೌಕವೆಂದು ನಮೂದಿಸಿ ಪಿಎನ್‌ಜಿಯಾಗಿ ಉಳಿಸುತ್ತೇನೆ.

ಕೆಲಸದ ಅನುಕ್ರಮ ಬಹಳ ಮುಖ್ಯ. ಮೊದಲು ಇಂಟರ್‌ಲೇಸ್, ಅಂದರೆ ಎರಡು ಕ್ಷಣಗಳ ಅರ್ಧಚಿತ್ರಗಳು (ಫೀಲ್ಡುಗಳು) ಒಂದೇ ಫ್ರೇಮಿನಲ್ಲಿ ಗೆರೆಬಿಟ್ಟು ಗೆರೆ ಹೆಣೆದಿರುವುದನ್ನು, ತೆಗೆಯಬೇಕು, ಆಮೇಲೆ ಅಂಚು ಕತ್ತರಿಸಬೇಕು, ಗಾತ್ರವನ್ನು ಕಟ್ಟಕಡೆಗೆ ಒಂದೇ ಸಲ ಬದಲಿಸಬೇಕು. ನಾನು ಮೊದಮೊದಲು 1024ಕ್ಕೆ ಹಿಗ್ಗಿಸಿ, ಬಳಿಕ ಮುದ್ರಣಕ್ಕೆಂದು ಮತ್ತೆ ದೊಡ್ಡದು ಮಾಡುತ್ತಿದ್ದೆ. ಎರಡು ಸಲದ ಹಿಗ್ಗುವಿಕೆಯಲ್ಲಿ ಮುಖವರ್ಣಿಕೆಯ ಗೆರೆಗಳು ಮಸುಕಾಗುತ್ತಿದ್ದವು. ಈಗ 704×576ರಿಂದ ನೇರವಾಗಿ 2048×1152ಕ್ಕೆ ಲ್ಯಾಂಕ್‌ಜೋಸ್ ವಿಧಾನದಲ್ಲಿ ಹೋಗುತ್ತೇನೆ. ನಿಂತ ಭಂಗಿಗಳಿಗೆ ಇಂಟರ್‌ಲೇಸ್ ತೆಗೆಯುವ ಕ್ಯೂಟಿಜಿಎಂಸಿ ಎಂಬ ಸಾಧನ ಚೆನ್ನಾಗಿ ಹೊಂದುತ್ತದೆ. ದಿಗಿಣ (ತಿರುಗುತ್ತ ಹಾರುವ ಕುಣಿತ) ಹಾಕುವಾಗ ಮಾತ್ರ ಅದು ಕೈಗಳನ್ನು ಕಲಸಿಬಿಡುವುದರಿಂದ ಅಲ್ಲಿ ಒಂದೇ ಫೀಲ್ಡನ್ನು ಬಳಸುತ್ತೇನೆ. ಸೆಕೆಂಡಿನ ಐವತ್ತು ಫೀಲ್ಡುಗಳಲ್ಲಿ ಯಾವುದನ್ನು ಆರಿಸುತ್ತೇನೆ, ಆಮೇಲೆ ಎಷ್ಟು ಹರಿತಗೊಳಿಸುತ್ತೇನೆ ಎಂಬುದು ಆರು ತಿಂಗಳ ಶ್ರಮದಿಂದ ನಾನು ಕಂಡುಕೊಂಡದ್ದು. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಈ ನಡುವೆ ಕೃತಕ ಬುದ್ಧಿಮತ್ತೆಯಿಂದ ದೊಡ್ಡದು ಮಾಡಿಕೊಡುವ ಸ್ಟುಡಿಯೋ ಒಂದು ಚಿತ್ರಕ್ಕೆ ₹450 ಕೇಳಿತು, 64ಕ್ಕೆ ₹28,800. ಪರೀಕ್ಷೆಗೆಂದು ಎರಡನ್ನು ಮಾಡಿಸಿದೆ. ಚರ್ಮ ನುಣುಪಾಗಿ ಬಂದಿತ್ತು, ಆದರೆ ಕಣ್ಣಿನ ಸುತ್ತ ಬರೆದಿದ್ದ ಗೆರೆಗಳನ್ನು ಅದು ತನ್ನ ಊಹೆಯಿಂದ ಹೊಸದಾಗಿ ಬರೆದಿತ್ತು. ವೇಷದ ದಾಖಲೆಯಲ್ಲಿ ಅಂಥ ಊಹೆಗೆ ಜಾಗವಿಲ್ಲ. ಅದರ ಬದಲು, ವೇಷ ರಂಗಪ್ರವೇಶ ಮಾಡುವ ಒಡ್ಡೋಲಗದಲ್ಲಿ ಕಲಾವಿದರು ಕ್ಷಣಕಾಲ ಸ್ಥಿರವಾಗಿ ನಿಂತಾಗಿನ ಎಂಟು ಅನುಕ್ರಮ ಫ್ರೇಮುಗಳ ಸರಾಸರಿ ತೆಗೆದು ನೋಡಿದೆ. ಮಂದ ಬೆಳಕಿನಲ್ಲಿ ಕ್ಯಾಮೆರಾ ಸಂಕೇತವನ್ನು ಹಿಗ್ಗಿಸಿದ್ದರಿಂದ (ಗೇನ್) ಬಂದಿದ್ದ ಕಾಳುಕಾಳು ಮೂರನೆಯ ಒಂದು ಪಾಲಿಗೆ ಇಳಿಯಿತು. ಐದಾರು ಚಿತ್ರಗಳಿಗೆ ಮಾತ್ರ ಇದು ಸಾಧ್ಯವಾಯಿತು, ಆದರೆ ಪುಸ್ತಕದ ಅತ್ಯುತ್ತಮ ಚಿತ್ರಗಳು ಅವೇ.

ಇನ್ನೊಂದು ಪ್ರಯೋಗ ಸಣ್ಣ ಚಿತ್ರಗಳದ್ದು. ಪಿಡಿ170ರ ಸೆನ್ಸರ್ 4:3 ಆಕಾರದ್ದಾದ್ದರಿಂದ ಅದರ 16:9 ಮೋಡ್‌ನಲ್ಲಿ ಮೇಲೆ ಕೆಳಗೆ ಕತ್ತರಿಸಿದ ಸುಮಾರು 432 ಗೆರೆಗಳನ್ನೇ 576ಕ್ಕೆ ಹಿಗ್ಗಿಸಿರುತ್ತದೆ. ಹೀಗಿರುವಾಗ ಎರಡಂಗುಲದ ಚಿತ್ರಕ್ಕೆ ಅಗಲವನ್ನು ಏಕೆ ಹಿಗ್ಗಿಸಬೇಕು? ಅಗಲವನ್ನು 704ರಲ್ಲಿಯೇ ಬಿಟ್ಟು ಎತ್ತರವನ್ನು 396ಕ್ಕೆ ಇಳಿಸಿದೆ. ಆಕಾರ ಅದೇ, ಆದರೆ ಚಿತ್ರ ಎದ್ದು ಕಾಣುವಷ್ಟು ಹರಿತವಾಯಿತು. ಪುಟದ ಅಂಚಿನಲ್ಲಿ ಬಂದ 20ಕ್ಕೂ ಹೆಚ್ಚು ಚಿತ್ರಗಳನ್ನು ಹೀಗೆಯೇ ಸಿದ್ಧಪಡಿಸಿದೆ. ದೊಡ್ಡ ಚಿತ್ರಗಳನ್ನು ಐದೂವರೆ ಅಂಗುಲ ಮೀರದಂತೆ ನೋಡಿಕೊಂಡೆ. ಅಂಗುಲಕ್ಕೆ 300 ಚುಕ್ಕೆ ಬೇಕೆಂದಿದ್ದ ಮುದ್ರಕರು, ಹಿಗ್ಗಿಸುವ ಮುನ್ನಿನ 1024ರ ಲೆಕ್ಕದಲ್ಲಿ 186 ಮಾತ್ರ ಬರುವ ಪ್ರೂಫ್ ನೋಡಿ ಸುಮ್ಮನಾದರು.

ಸ್ನೇಹಿತರೊಬ್ಬರು ಕೊಟ್ಟ, ಡಿವಿಗಿಂತ ಹೆಚ್ಚು ಸ್ಪಷ್ಟತೆಯ ಎಚ್‌ಡಿವಿ ಟೇಪಿನ ಲೆಕ್ಕ ಸುಲಭ. 1440×1080ರ ಅಗಲವನ್ನು 4/3ರಿಂದ ಗುಣಿಸಿದರೆ 1920. ಆದರೆ ಬಣ್ಣದ ಸೂತ್ರ ಅಲ್ಲಿ ಬಿಟಿ.709 ಎಂಬ ಮಾನದಂಡದ್ದು, ಡಿವಿಯಲ್ಲಿ ಬಿಟಿ.601ರದು. ಎರಡನ್ನೂ ಒಂದೇ ಸೂತ್ರದಲ್ಲಿ ಪರಿವರ್ತಿಸಿದ್ದರಿಂದ ಒಂದೇ ಪುಟದಲ್ಲಿ ಒಂದೇ ವೇಷದ ಕೆಂಪು ಎರಡು ಬಗೆಯಾಗಿ ಬಂದಿತು; ಅದನ್ನು ಪ್ರೂಫಿನಲ್ಲಿಯೇ ಹಿಡಿದೆ.

ಈಗ 2004ಕ್ಕೂ ಹಿಂದಿನ 4:3 ಟೇಪುಗಳನ್ನು ಕೈಗೆತ್ತಿಕೊಂಡಿದ್ದೇನೆ. ಅವನ್ನು ಚಿತ್ರಿಸಿದ ಕ್ಯಾಮೆರಾ ಎಂದೋ ಗುಜರಿ ಸೇರಿರುವುದರಿಂದ ಹರಿವಾಣದ ಪರೀಕ್ಷೆ ಮಾಡುವಂತಿಲ್ಲ. ಚಂಡೆಯ ಮುಖ ಓರೆಯಾಗಿ ಕಾಣುವುದರಿಂದ ಅದರ ಅಳತೆಯೂ ಪ್ರಯೋಜನಕ್ಕೆ ಬರಲಿಲ್ಲ. ಕೊನೆಗೆ ಶಾಲೆಯೊಂದರ ಸಭಾಂಗಣದಲ್ಲಿ ನಡೆದ ಆಟದ ಟೇಪಿನಲ್ಲಿ, ಭಾಗವತರ ತಲೆಯ ಮೇಲ್ಗಡೆಯ ಗೋಡೆಯಲ್ಲಿ ದುಂಡನೆಯ ಗಡಿಯಾರವೊಂದು ಕ್ಯಾಮೆರಾಕ್ಕೆ ನೇರ ಎದುರಾಗಿ ಸಿಕ್ಕಿತು. ಎತ್ತರ 96 ಗೆರೆ, ಅಗಲ 88 ಪಿಕ್ಸೆಲ್, ಅನುಪಾತ 12/11.