ಎಕ್ಸ್‌ಚೇಂಜ್‌ಗೆ ಹೊರಟ ಕೆಡೆಟ್‌ಗಳೇ, ಮೊದಲು ಸೀ ಟೈಮ್ ವಿಚಾರಿಸಿ

ಎಕ್ಸ್‌ಚೇಂಜ್ ಅನ್ನುವ ಒಂದೇ ಹೆಸರಿನಲ್ಲಿ ಹಡಗಿನ ಅಧಿಕಾರಿಯಾಗಲು ಓದುತ್ತಿರುವ ನಮ್ಮ ಹುಡುಗರ ಮುಂದೆ ಮೂರು ಬೇರೆ ಬೇರೆ ಸಂಗತಿಗಳು ಬಂದು ನಿಲ್ಲುತ್ತವೆ. ಒಂದು, ಹೊರದೇಶದ ನೌಕಾ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಓದು. ಎರಡು, ಅಲ್ಲಿಯ ತರಬೇತಿ ಹಡಗಿನಲ್ಲಿ ಕೆಲವು ವಾರ. ಮೂರು, ಏಜೆಂಟರು ಹೇಳುವ 'ಇಂಟರ್‌ನ್ಯಾಷನಲ್ ಟ್ರೇನಿಂಗ್'. ಮೊದಲನೆಯದು ಅಂಕ ಕೊಡುತ್ತದೆ. ಎರಡನೆಯದು ಸೀ ಟೈಮ್, ಅಂದರೆ ಸರ್ಟಿಫಿಕೇಟಿನ ಲೆಕ್ಕಕ್ಕೆ ಬರುವ ಹಡಗಿನ ದಿನಗಳನ್ನು, ಕೊಟ್ಟರೂ ಕೊಟ್ಟೀತು. ಮೂರನೆಯದು ಬಹಳ ಸಲ ಸಾಲ ಮಾತ್ರ ಕೊಡುತ್ತದೆ.

ನಾನು ಹೊನ್ನಾವರದವನು. ಪಾಂಚ್ ಸಾಬ್ (ಕಿರಿಯ ಎಂಜಿನಿಯರ್) ಆಗಿ ಹಡಗು ಹತ್ತಿ ಬಡಾ ಸಾಬ್ (ಚೀಫ್ ಎಂಜಿನಿಯರ್) ಆಗಿ ಇಳಿದೆ. ಈಗ ಕೆಡೆಟ್‌ಗಳಿಗೆ ಪ್ಯೂರಿಫೈಯರ್ (ಎಣ್ಣೆ ಶುದ್ಧ ಮಾಡುವ ಯಂತ್ರ) ಬಿಚ್ಚಿ ಜೋಡಿಸುವುದನ್ನು ಕಲಿಸುತ್ತೇನೆ. ಹೊರದೇಶಕ್ಕೆ ಹೊರಡುವ ಹುಡುಗರ ಕಾಗದಪತ್ರವೂ ಹೇಗೋ ನನ್ನ ಮೇಜಿಗೇ ಬರುತ್ತದೆ. ಬಂದವರಿಗೆಲ್ಲ ಹೇಳುವುದು ಇಷ್ಟೇ: ಅಂಕದ ಲೆಕ್ಕ ಬೇರೆ, ಸೀ ಟೈಮ್ ಲೆಕ್ಕ ಬೇರೆ. ಬಿಎ, ಬಿಕಾಂ ಓದುವವರಿಗೆ ಈ ತಾಪತ್ರಯ ಇಲ್ಲ. ನಿಮಗೆ ಪದವಿಯ ಜೊತೆಗೆ ಸಿಒಸಿ (ಹಡಗಿನ ಅಧಿಕಾರಿಯ ಅರ್ಹತಾ ಸರ್ಟಿಫಿಕೇಟು) ಬೇಕು, ಅದಕ್ಕೆ ಕೇಂದ್ರ ಸರ್ಕಾರದ ನೌಕಾಯಾನ ಇಲಾಖೆ ಡಿಜಿ ಶಿಪ್ಪಿಂಗ್ ಒಪ್ಪುವ ಸಮುದ್ರಸೇವೆ ಬೇಕು.

ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ ಎಸ್‌ಟಿಸಿಡಬ್ಲ್ಯೂ ಕೇಳುವ ಕನಿಷ್ಠ ನೆನಪಿರಲಿ. ಎಂಜಿನ್ ಕಡೆಯವರಿಗೆ ವರ್ಕ್‌ಶಾಪ್ ಕೆಲಸ ಮತ್ತು ಸಮುದ್ರಸೇವೆ ಸೇರಿ 12 ತಿಂಗಳು, ಅದರೊಳಗೆ ಎಂಜಿನ್ ರೂಮ್ ವಾಚ್ (ಪಾಳಿ ಕೆಲಸ) 6 ತಿಂಗಳು. ಡೆಕ್ ಕಡೆಯವರಿಗೆ, ಅಂದರೆ ಹಡಗು ನಡೆಸುವ ಕಡೆಯವರಿಗೆ, ಮಂಜೂರಾದ ತರಬೇತಿಯ ಭಾಗವಾಗಿ 12 ತಿಂಗಳು. ಇದು ಇಡೀ ಜಗತ್ತಿಗೆ ಹಾಕಿದ ತಳಗೆರೆ. ನಮ್ಮಲ್ಲಿ ಕೋರ್ಸ್ ನೋಡಿಕೊಂಡು ಇದಕ್ಕಿಂತ ಹೆಚ್ಚು ಕೇಳುತ್ತಾರೆ. ಹಾಗಾಗಿ ಅರ್ಜಿ ತುಂಬುವ ಮೊದಲೇ ಕಾಲೇಜಿನ ಮೂಲಕ ಬರಹದಲ್ಲಿ ಕೇಳಿಸಿ: ಅಲ್ಲಿ ಕಳೆಯುವ ದಿನಗಳು ನನ್ನ ಸೀ ಟೈಮ್‌ಗೆ ಸೇರುತ್ತವೆಯೇ, ಅಲ್ಲಿ ಮಾಡಿದ ಫೈರ್ ಫೈಟಿಂಗ್ ಕೋರ್ಸ್ ಇಲ್ಲಿ ನಡೆಯುತ್ತದೆಯೇ? ಫೋನಿನಲ್ಲಿ ಸಿಕ್ಕ ಉತ್ತರ ಮೌಲ್ಯಮಾಪನದ ದಿನ ಯಾರಿಗೂ ನೆನಪಿರುವುದಿಲ್ಲ.

ಉದಾಹರಣೆಗೆ ಪೋಲೆಂಡಿನ ಗ್ಡಿನಿಯಾ ಮ್ಯಾರಿಟೈಮ್ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳೋಣ. 1920ರಲ್ಲಿ ತ್ಚೆವ್ ಎಂಬ ನದೀತೀರದ ಊರಲ್ಲಿ ಶುರುವಾದ ಶಾಲೆ ಅದು, 1930ರಲ್ಲಿ ಬಾಲ್ಟಿಕ್ ತೀರದ ಗ್ಡಿನಿಯಾಕ್ಕೆ ಬಂತು. ಮೂರು ಕೂವೆಯ ಹಾಯಿಹಡಗು 'ದಾರ್ ಮ್ಲೋಜೆಜಿ' (1982) ಮತ್ತು ಎಂಜಿನ್ ಹಡಗು 'ಹೊರಿಜೋಂಟ್ 2' (2000) ಅವರವೇ. ಇಂಥಲ್ಲಿಗೆ ಯೂರೋಪಿನ ವಿದ್ಯಾರ್ಥಿ ವಿನಿಮಯದ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಹೋಗಬೇಕಾದರೆ ನಿಮ್ಮ ಕಾಲೇಜಿಗೂ ಆ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಇರಲೇಬೇಕು. ಒಬ್ಬೊಬ್ಬರೇ ಅರ್ಜಿ ಹಾಕಿ ಹೋಗುವ ದಾರಿ ಇದಲ್ಲ. ಮೊದಲು ವಿಚಾರಿಸಬೇಕಾದ್ದು ಪ್ರಿನ್ಸಿಪಾಲರ ಆಫೀಸಿನಲ್ಲಿ, ಇಂಟರ್ನೆಟ್ಟಿನಲ್ಲಿ ಅಲ್ಲ.

ಒಪ್ಪಂದ ಇದ್ದರೆ ಮುಖ್ಯ ಕಾಗದ ಲರ್ನಿಂಗ್ ಅಗ್ರಿಮೆಂಟ್. ನೀವು, ನಿಮ್ಮ ಕಾಲೇಜು, ಅಲ್ಲಿಯ ವಿಶ್ವವಿದ್ಯಾಲಯ, ಮೂವರದೂ ಸಹಿ ಬೇಕು. ಅಲ್ಲಿಯ ಯಾವ ವಿಷಯ ಇಲ್ಲಿಯ ಯಾವ ವಿಷಯಕ್ಕೆ ಸಮ ಅನ್ನುವುದನ್ನು ಸಾಲುಸಾಲಾಗಿ ಬರೆಸಿ. ಯೂರೋಪಿನಲ್ಲಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ ಸುಮಾರು 25ರಿಂದ 30 ಗಂಟೆಯ ಕೆಲಸ. ಹೆಸರು ಒಂದೇ ಇದ್ದ ಮಾತ್ರಕ್ಕೆ ವಿಷಯ ಒಂದೇ ಅಂತ ನಂಬಬೇಡಿ. 'ಮರೀನ್ ಆಕ್ಸಿಲರೀಸ್' ಅಂತ ಒಂದು ಕಡೆ ಪಂಪು, ಪ್ಯೂರಿಫೈಯರ್ ಕಲಿಸಿದರೆ ಇನ್ನೊಂದು ಕಡೆ ರೆಫ್ರಿಜರೇಶನ್ನನ್ನೂ ಅದರಲ್ಲೇ ಸೇರಿಸಿರುತ್ತಾರೆ. ಸಿಲಬಸ್ ತರಿಸಿ, ನಿಮ್ಮ ಮೇಷ್ಟರ ಪಕ್ಕ ಕೂತು ಹೋಲಿಸಿ ನೋಡಿ.

ಇನ್ನು ಕ್ಯಾಲೆಂಡರ್. ಪೋಲೆಂಡಿನಲ್ಲಿ ಶೈಕ್ಷಣಿಕ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ, ಚಳಿಗಾಲದ ಪರೀಕ್ಷೆ ಮುಗಿಯುವಾಗ ಫೆಬ್ರವರಿ. ಅಷ್ಟರಲ್ಲಿ ನಮ್ಮಲ್ಲಿ ಮುಂದಿನ ಸೆಮಿಸ್ಟರಿನ ಹಾಜರಿ ಶುರುವಾಗಿ ವಾರಗಳೇ ಆಗಿರುತ್ತವೆ. ನನ್ನನ್ನು ಕೇಳಿದರೆ ಫೆಬ್ರವರಿಯಿಂದ ಜೂನ್‌ವರೆಗಿನ ಸೆಮಿಸ್ಟರೇ ವಾಸಿ. ಆಗಲೂ ಹಾಜರಿ ವಿನಾಯಿತಿ ಮೊದಲೇ ಬರೆಸಿಕೊಳ್ಳಿ. ಚಳಿಯೂ ಅಷ್ಟು ಕಾಡುವುದಿಲ್ಲ, ಆದರೂ ಮಾರ್ಚ್‌ನಲ್ಲಿ ಬಾಲ್ಟಿಕ್ ಗಾಳಿಗೆ ನಮ್ಮ ಕರಾವಳಿಯ ಹುಡುಗರ ಕಿವಿ ಕೆಂಪಾಗದೆ ಇರದು.

ದುಡ್ಡಿನ ವಿಷಯ. ಒಪ್ಪಂದದಡಿ ಹೋದರೆ ಅಲ್ಲಿ ಬೋಧನಾ ಶುಲ್ಕ ಇಲ್ಲ, ಇಲ್ಲಿಯ ಶುಲ್ಕ ಮಾತ್ರ ಕಟ್ಟುತ್ತಿರಬೇಕು. ನಮ್ಮಂಥ ದೇಶಗಳಿಂದ ಹೋಗುವವರಿಗೆ ಅನುದಾನ ಸಿಕ್ಕರೆ, ಹೋಗುವ ದೇಶ ನೋಡಿ ತಿಂಗಳಿಗೆ 800ರಿಂದ 900 ಯೂರೊ, ಪ್ರಯಾಣಕ್ಕೆ ಬೇರೆ. ಆದರೆ ಮೊದಲ ಕಂತು ನೀವು ತಲುಪುವ ಮೊದಲೇ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಮೊದಲ ತಿಂಗಳ ಖರ್ಚು, ಹಾಸ್ಟೆಲ್ ಮುಂಗಡ ನಿಮ್ಮ ಹತ್ತಿರವೇ ಇರಲಿ. ಪೋಲೆಂಡಿನಲ್ಲಿ ನಡೆಯುವುದು ಯೂರೊ ಅಲ್ಲ, ಜ್ವೋತಿ.

ವೀಸಾಕ್ಕೆ ಬಂದರೆ, ಕೈಯಲ್ಲಿ ಸಿಡಿಸಿ ಇದೆ ಅಂತ ಎದೆಯುಬ್ಬಿಸಿ ಹೋಗಬೇಡಿ. ಸಿಡಿಸಿ ನಾವಿಕನ ದಾಖಲೆ, ವೀಸಾ ಅಲ್ಲ. ಮೂರು ತಿಂಗಳಿಗಿಂತ ಹೆಚ್ಚಿನ ಓದಿಗೆ ಡಿ ಮಾದರಿಯ ವೀಸಾ ಬೇಕು; ಜೊತೆಗೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ. ಇಲ್ಲೊಂದು ಸೂಕ್ಷ್ಮ ಇದೆ. 'ಹೊರಿಜೋಂಟ್ 2' ಬೇಸಿಗೆಯಲ್ಲಿ ಆರ್ಕ್ಟಿಕ್ ದ್ವೀಪಗಳಾದ ಸ್ವಾಲ್ಬಾರ್ಡ್‌ನ ಹಾರ್ನ್‌ಸುಂಡ್‌ನಲ್ಲಿರುವ ಪೋಲಿಷ್ ಸಂಶೋಧನಾ ನೆಲೆಗೆ ಸಾಮಾನು ಒಯ್ಯುತ್ತದೆ. ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದಾದರೂ ಷೆಂಗೆನ್ (ಒಳಗೆ ಗಡಿ ತಪಾಸಣೆ ಇಲ್ಲದ ಯೂರೋಪಿನ ದೇಶಗಳ ಗುಂಪು) ಒಳಗಿಲ್ಲ. ಅಂಥ ಯಾನದಲ್ಲಿ ಅದೃಷ್ಟಕ್ಕೆ ಜಾಗ ಸಿಕ್ಕರೆ, ಮರಳಿ ಪೋಲೆಂಡಿಗೆ ಕಾಲಿಡಲು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ವೀಸಾನೇ ಬೇಕು. ಅರ್ಜಿ ಹಾಕುವಾಗಲೇ ನೋಡಿಕೊಳ್ಳಿ.

ಹಡಗು ಹತ್ತಿದ ಮೇಲೆ ಟಾರ್ ಬುಕ್ಕನ್ನು (ತರಬೇತಿ ದಾಖಲೆ ಪುಸ್ತಕ) ಅಂದಂದೇ ಬರೆದು, ಅಂದಂದೇ ಸಹಿ ಮಾಡಿಸಿ. ಹಡಗಿನ ಹೆಸರು, ಐಎಂಒ ನಂಬರ್ (ಹಡಗಿನ ಗುರುತು ಸಂಖ್ಯೆ), ಧ್ವಜ, ಗ್ರಾಸ್ ಟನ್ನೇಜ್ (ಹಡಗಿನ ಗಾತ್ರದ ಅಳತೆ), ಮುಖ್ಯ ಎಂಜಿನ್ನಿನ ಕಿಲೋವಾಟ್, ಹತ್ತಿದ ಇಳಿದ ದಿನಾಂಕ, ಸೀಲು ಎಲ್ಲ ಇರಲಿ. ಎಂಜಿನ್ ಕೆಡೆಟ್‌ಗಳು ಕಿಲೋವಾಟ್ ಸಂಖ್ಯೆಯನ್ನು ವಿಶೇಷವಾಗಿ ನೋಡಿ: ಎಂಜಿನಿಯರ್ ಸರ್ಟಿಫಿಕೇಟಿನ ನಿಯಮ ಮಾತಾಡುವುದು 750 ಕಿಲೋವಾಟ್ ಮತ್ತು ಅದಕ್ಕಿಂತ ಮೇಲಿನ ಹಡಗುಗಳ ಬಗ್ಗೆ. ಹಾಯಿಹಡಗಿನಲ್ಲಿ ಕಳೆದ ದಿನ ಡೆಕ್ ಗೆಳೆಯನಿಗೆ ಲೆಕ್ಕಕ್ಕೆ ಬಂದು ನಿಮಗೆ ಬಾರದೆ ಹೋಗಬಹುದು. ಹಾಗಂತ ಹಾಯಿಹಡಗು ಬಿಡಿ ಅನ್ನುವುದಿಲ್ಲ, ಕೂವೆ ಹತ್ತಿ ಇಳಿದವನಿಗೆ ಎಂಜಿನ್ ರೂಮ್ ಏಣಿ ಯಾವ ಲೆಕ್ಕ! ಸೀ ಟೈಮ್ ಬರುತ್ತದೆ ಅಂತ ನೆಚ್ಚಿಕೊಂಡು ಹೋಗಬೇಡಿ, ಅಷ್ಟೇ.

ಏಜೆಂಟರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಮ್ಮ ಕಡೆಯ ಒಬ್ಬ ಹುಡುಗನ ತಂದೆ ದೋಣಿ ಅಡವಿಟ್ಟು ದುಡ್ಡು ಕೊಟ್ಟರು. 'ಎಕ್ಸ್‌ಚೇಂಜ್ ಟ್ರೇನಿಂಗ್' ಅಂತ ಹೋದ ಹುಡುಗ ಕೊಲ್ಲಿಯ ಬಂದರೊಂದರಲ್ಲಿ ಸಂಬಳವಿಲ್ಲದೆ ಟಗ್ಗಿನ ಡೆಕ್ ತಿಕ್ಕಿ ಮರಳಿದ. ಅವನ ಸರ್ಟಿಫಿಕೇಟಿಗೆ ಬೆಲೆ ಇರಲಿಲ್ಲ. ಭಾರತ 2015ರಲ್ಲಿ ಒಪ್ಪಿದ ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ 2006ರ ಪ್ರಕಾರ ಕೆಲಸಕ್ಕೆ ಸೇರಿಸಲು ನಾವಿಕನಿಂದ ಶುಲ್ಕ ಕೀಳುವಂತಿಲ್ಲ. ವೈದ್ಯಕೀಯ ಪ್ರಮಾಣಪತ್ರ, ಪಾಸ್‌ಪೋರ್ಟ್, ಸಿಡಿಸಿಯಂಥ ದಾಖಲೆಗಳ ಖರ್ಚು ಮಾತ್ರ ನಿಮ್ಮದು. ದುಡ್ಡು ಕೇಳಿದವರ ಬಳಿ ಆರ್‌ಪಿಎಸ್‌ಎಲ್ (ನಾವಿಕರನ್ನು ಕೆಲಸಕ್ಕೆ ಸೇರಿಸುವ ಲೈಸೆನ್ಸ್) ನಂಬರ್ ಕೇಳಿ, ಡಿಜಿ ಶಿಪ್ಪಿಂಗ್ ಪಟ್ಟಿಯಲ್ಲಿ ಹುಡುಕಿ. ಮಾತು ಹಾರಿಸಿದರೆ ಎದ್ದು ಬನ್ನಿ. ನಿಜವಾದ ಎಕ್ಸ್‌ಚೇಂಜ್‌ನಲ್ಲಿ ಕಾಲೇಜಿನ ಸಹಿ ಇರುತ್ತದೆ, ಮಧ್ಯವರ್ತಿಯ ಬ್ಯಾಂಕ್ ಖಾತೆ ಇರುವುದಿಲ್ಲ.

ಭಾಷೆಗೆ ಹೆದರಬೇಡಿ. ಎಕ್ಸ್‌ಚೇಂಜ್‌ನವರ ಪಾಠ ಇಂಗ್ಲಿಷಿನಲ್ಲಿ ಇರುವುದನ್ನೇ ಆರಿಸಿಕೊಳ್ಳಿ. ಅಂಗಡಿಗೆ ಹೊಕ್ಕಾಗ 'ಜೆನ್ ದೋಬ್ರಿ' (ಪೋಲಿಷ್‌ನಲ್ಲಿ ನಮಸ್ಕಾರ) ಅಂದರೆ ಅಂಗಡಿಯವರ ಮುಖ ಅರಳುತ್ತದೆ.

ಅಲ್ಲಿಂದ ಹೊರಡುವ ವಾರ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಯಾವಾಗ ಬರುತ್ತದೆ, ಯಾರು ಕಳಿಸುತ್ತಾರೆ ಅಂತ ಅಲ್ಲಿಯ ಆಫೀಸಿನಲ್ಲಿ ಕೇಳಿ, ಅವರ ಇಮೇಲ್ ಬರೆದುಕೊಳ್ಳಿ. ಊರಿಗೆ ಬಂದ ಮೇಲೆ ಟ್ರಾನ್ಸ್‌ಕ್ರಿಪ್ಟನ್ನೂ ಲರ್ನಿಂಗ್ ಅಗ್ರಿಮೆಂಟನ್ನೂ ಒಟ್ಟಿಗೆ ಪರೀಕ್ಷಾ ವಿಭಾಗಕ್ಕೆ ಒಪ್ಪಿಸಿ. ಮೂಲ ಪ್ರತಿ ತೋರಿಸಿ, ನಕಲು ಕೊಡಿ, ನಕಲಿನ ಮೇಲೆ ದಿನಾಂಕ ಹಾಕಿ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.