ಹಲಸಿನ ಹಪ್ಪಳದಲ್ಲಿ ಬೆಳಕಿನ ವೇಗ ಅಳೆದದ್ದು

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ರೇಡಿಯೋ, ಮೈಕ್ರೋವೇವ್, ಅವಕೆಂಪು, ಬೆಳಕು, ನೇರಳಾತೀತ, ಎಕ್ಸ್‌ರೇ, ಗಾಮಾ ಅಂತ ಮಕ್ಕಳು ಪಟ್ಟಿಯನ್ನು ಬೇಗ ಬಾಯಿಪಾಠ ಮಾಡುತ್ತಾರೆ. ಇವೆಲ್ಲ ಒಂದೇ ಜಾತಿಯ ಅಲೆಗಳು, ಒಂದೇ ವೇಗದಲ್ಲಿ ಓಡುತ್ತವೆ ಅನ್ನುವುದು ಮಾತ್ರ ಅವರ ಮನಸ್ಸಿಗೆ ಇಳಿಯುವುದಿಲ್ಲ. ಅದಕ್ಕೇ ಹಪ್ಪಳದ ಮೊರೆ ಹೋದೆ. ಬೇಸಿಗೆ ಕಳೆದರೆ ನಮ್ಮೂರಿನ ಎಲ್ಲ ಮನೆಗಳಲ್ಲೂ ಅದು ಇರುತ್ತದೆ, ಅಲ್ವಾ?

ಮೈಕ್ರೋವೇವ್ ಒಲೆಯ ಒಳಗೆ ತಿರುಗುವ ಗಾಜಿನ ತಟ್ಟೆಯನ್ನು ತೆಗೆಯಬೇಕು. ತಿರುಗಿಸುವ ಗುಬುಟಿಗೆ ತಾಗದಂತೆ ಒಂದು ಪಿಂಗಾಣಿ ಬಟ್ಟಲನ್ನು ಕವುಚಿ, ಮೇಲೊಂದು ಅಗಲ ಪಿಂಗಾಣಿ ತಟ್ಟೆ ಇಟ್ಟು, ಅದರಲ್ಲಿ ಹಸಿ ಹಪ್ಪಳಗಳನ್ನು ಒತ್ತೊತ್ತಾಗಿ ಹರಡುತ್ತೇನೆ. ಒಲೆ ಹಾಕಿ ಗಾಜಿನಲ್ಲೇ ನೋಡುತ್ತಿರಬೇಕು. ಅಲ್ಲಲ್ಲಿ ಬಿಳಿ ಗುಳ್ಳೆ ಎದ್ದ ಕೂಡಲೇ ಆರಿಸಬೇಕು, ಇಲ್ಲದಿದ್ದರೆ ಕರಟಿ ಹೋಗುತ್ತದೆ. ಅಲೆಗಳು ಗೋಡೆಗೆ ಬಡಿದು ವಾಪಸು ಬಂದು ಒಂದರ ಮೇಲೊಂದು ಕೂಡುವಾಗ ಕೆಲವು ಕಡೆ ಶಾಖ ಜಾಸ್ತಿ, ಕೆಲವು ಕಡೆ ಇಲ್ಲವೇ ಇಲ್ಲ. ಅಲೆಯ ಒಂದು ಏರಿನಿಂದ ಮುಂದಿನ ಏರಿನವರೆಗಿನ ಉದ್ದಕ್ಕೆ ತರಂಗದೂರ ಅನ್ನುತ್ತಾರೆ; ಅಕ್ಕಪಕ್ಕದ ಎರಡು ಬಿಸಿ ಜಾಗಗಳ ನಡುವೆ ಇರುವುದು ಅದರ ಅರ್ಧ.

ಸ್ಕೇಲು ಹಿಡಿದರೆ ಸುಮಾರು 6 ಸೆಂಟಿಮೀಟರ್. ಗುಳ್ಳೆಗಳು ನೇರ ಸಾಲಿನಲ್ಲಿ ಬರುವುದಿಲ್ಲ, ಹಾಗಾಗಿ ಹಲವು ಜೋಡಿ ಅಳೆದು ಸರಾಸರಿ ತೆಗೆಯುತ್ತೇವೆ. ಪೂರ್ತಿ ತರಂಗದೂರ 12 ಸೆಂಟಿಮೀಟರ್. ಒಲೆಯ ಹಿಂದಿನ ಚೀಟಿಯಲ್ಲಿ ಆವೃತ್ತಿ 2450 ಮೆಗಾಹರ್ಟ್ಸ್ ಅಂತ ಇರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಅಲೆ. ಇದನ್ನು ತರಂಗದೂರದಿಂದ ಗುಣಿಸಿದರೆ ಸೆಕೆಂಡಿಗೆ 2,94,000 ಕಿಲೋಮೀಟರ್. ಬೆಳಕಿನ ವೇಗ 2,99,792. ಬೋರ್ಡಿನ ಮೇಲೆ ಈ ಎರಡು ಸಂಖ್ಯೆ ಅಕ್ಕಪಕ್ಕ ಬಂದಾಗ ತರಗತಿ ಗಪ್‌ಚಿಪ್. ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಪ್ರಶ್ನೆಗಳು ಶುರು. ಬಾಗಿಲಲ್ಲಿ ಗಾಜಿದೆ, ಅಲೆ ಹೊರಗೆ ಬರುವುದಿಲ್ಲವಾ? ಗಾಜಿನೊಳಗಿನ ಲೋಹದ ಜಾಲರಿ ತೋರಿಸುತ್ತೇನೆ. ಅದರ ತೂತು ಒಂದೆರಡು ಮಿಲಿಮೀಟರ್. 12 ಸೆಂಟಿಮೀಟರಿನ ಅಲೆ ಅದರಲ್ಲಿ ನುಸುಳಲಾರದು. ಬೆಳಕಿನ ತರಂಗದೂರ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ, ಅದು ಸಲೀಸಾಗಿ ಬರುತ್ತದೆ. ಜಾತಿ ಒಂದೇ, ಉದ್ದ ಬೇರೆ.

ರೇಡಿಯೋ ಪಾಠಕ್ಕೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಮಳೆ ಬರಬೇಕು. ಬ್ಯಾಟರಿ ರೇಡಿಯೋವನ್ನು ಮೀಡಿಯಂ ವೇವ್‌ನಲ್ಲಿ, ಯಾವ ಸ್ಟೇಷನ್ನೂ ಇಲ್ಲದ ಕಡೆ ನಿಲ್ಲಿಸಿ ಮನೆಯೊಳಗೇ ಕೂತು ಕೇಳಲು ಹೇಳುತ್ತೇನೆ. ಮಿಂಚು ಕಂಡ ಕ್ಷಣದಲ್ಲೇ ರೇಡಿಯೋ ಚರ್ರ್ ಅನ್ನುತ್ತದೆ. ಗುಡುಗು ಕೇಳುವುದು ಆಮೇಲೆ, ಕಿಲೋಮೀಟರಿಗೆ ಸುಮಾರು 3 ಸೆಕೆಂಡು ತಡವಾಗಿ. ಬೆಳಕು ಮತ್ತು ರೇಡಿಯೋ ಅಲೆ ಜೊತೆಯಲ್ಲೇ ಬಂದವು, ಶಬ್ದ ಹಿಂದುಳಿಯಿತು. ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಉಳಿದದ್ದು ಸುಲಭ. ಟಿವಿ ರಿಮೋಟಿನ ಗುಂಡಿ ಒತ್ತಿ ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ಕಣ್ಣಿಗೆ ಕಾಣದ ಅವಕೆಂಪು ಮಿಣುಕುತ್ತದೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಇದನ್ನು ಥರ್ಮಾಮೀಟರಿನಿಂದ ಹಿಡಿದ. ನೋಟು ಪರೀಕ್ಷಿಸುವ ನೇರಳಾತೀತ ದೀಪದಲ್ಲಿ ನೂರರ ನೋಟಿನ ನಂಬರು ಹೊಳೆಯುತ್ತದೆ. ಆ ದೀಪವನ್ನು ನೇರ ನೋಡಬಾರದು, ಅದಕ್ಕೇ ನಾನೇ ಹಿಡಿದುಕೊಳ್ಳುತ್ತೇನೆ. ಎಕ್ಸ್‌ರೇಗೆ ಯಾರದ್ದಾದರೂ ಮನೆಯ ಹಳೆ ಫಿಲ್ಮ್ ಸಾಕು. ಗಾಮಾಕ್ಕೆ ಮಾತ್ರ ಪ್ರಯೋಗವಿಲ್ಲ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಗಾಮಾ ಕಿರಣ ಕೊಡುವ ಕೋಬಾಲ್ಟ್-60ರ ವಿಷಯ ಹೇಳಿ ಮುಂದೆ ಹೋಗುತ್ತೇನೆ.