‘ಎಷ್ಟು ಜನ ಸಾರ್?’: ಆಸ್ಪತ್ರೆ ಪಿಆರ್‌ಒ ಒಬ್ಬನ ಅನುಭವ

ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆಯಲ್ಲಿ ನಾನು ಪಿಆರ್‌ಒ, ಅಂದರೆ ಸಾರ್ವಜನಿಕ ಸಂಪರ್ಕಾಧಿಕಾರಿ. ಕೆಲಸಕ್ಕೆ ಸೇರುವಾಗ ಆಡಳಿತ ಮಂಡಳಿಯವರು ಹೇಳಿದ್ದು ಒಂದೇ ಮಾತು, ‘ಪೇಪರಿನಲ್ಲಿ ನಮ್ಮ ಹೆಸರು ಬರ್ತಾ ಇರಬೇಕು’ ಅಂತ. ಆದರೆ ವರದಿಗಾರರು ನನಗೆ ಫೋನ್ ಮಾಡುವುದು ಜಾಸ್ತಿ ಕೆಟ್ಟ ಸುದ್ದಿಗೇ. ಬಸ್ಸು ಮಗುಚಿತು, ಕಾಡಾನೆ ತುಳಿಯಿತು, ಹಾಸ್ಟೆಲ್ ಊಟ ಮಾಡಿದ ಮಕ್ಕಳು ವಾಂತಿ ಮಾಡಿಕೊಂಡರು. ಎಲ್ಲದಕ್ಕೂ ಮೊದಲ ಪ್ರಶ್ನೆ, ‘ಎಷ್ಟು ಜನ ಸಾರ್?’

ಇದಕ್ಕೆ ನಾನು ಕೊಡುವ ಉತ್ತರ ಇಷ್ಟೇ. ನಮ್ಮಲ್ಲಿಗೆ ಬಂದವರು ಎಷ್ಟು, ಐಸಿಯುನಲ್ಲಿ ಎಷ್ಟು, ಈ ಲೆಕ್ಕ ಎಷ್ಟು ಗಂಟೆಯದು. ‘ಸಂಜೆ 6.30ರವರೆಗೆ’ ಅನ್ನುವುದನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ. ಅಪಘಾತದಲ್ಲಿ ಗಾಯಗೊಂಡವರು ಎರಡು ಮೂರು ಆಸ್ಪತ್ರೆಗೆ ಹಂಚಿಹೋಗಿರುತ್ತಾರೆ. ತಾಲ್ಲೂಕು ಆಸ್ಪತ್ರೆಯಿಂದ ರೆಫರ್ ಆಗಿ ಬಂದವರನ್ನು ಅಲ್ಲೊಮ್ಮೆ, ಇಲ್ಲೊಮ್ಮೆ ಎಣಿಸಿದರೆ ಮುಗೀತು. ಮಾರನೇ ದಿನ ಒಂದೊಂದು ಪೇಪರಿನಲ್ಲಿ ಒಂದೊಂದು ಸಂಖ್ಯೆ.

‘ಬೇರೆ ಕಡೆ ಮೂರು ಸಾವು ಅಂತಿದ್ದಾರಲ್ಲ ಸಾರ್?’

‘ನಮ್ಮಲ್ಲಿಗೆ ಬಂದವರಲ್ಲಿ ಒಬ್ಬರು ದಾರಿಯಲ್ಲೇ ತೀರಿಕೊಂಡಿದ್ದರು. ಉಳಿದದ್ದು ನನಗೆ ಗೊತ್ತಿಲ್ಲಪ್ಪ. ಪೊಲೀಸರನ್ನು ಕೇಳಿ.’

‘ಹೆಸರು?’

‘ಮನೆಯವರು ಇನ್ನೂ ಬಂದಿಲ್ಲ.’

ಇಲ್ಲಿ ಒತ್ತಾಯ ಶುರುವಾಗುತ್ತೆ. ಒತ್ತಾಯ ಮಾಡುವುದು ಅವರ ಕೆಲಸ, ನನಗೆ ಸಿಟ್ಟಿಲ್ಲ. ಆದರೆ ಮಗ ಸತ್ತ ವಿಷಯ ತಾಯಿಗೆ ಟಿವಿ ಸ್ಕ್ರೋಲ್‌ನಲ್ಲಿ ಗೊತ್ತಾಗಬಾರದು ಅಲ್ವಾ? ಅಪಘಾತ ಅಂದ ಮೇಲೆ ಅದು ಎಂಎಲ್‌ಸಿ (ಮೆಡಿಕೋ ಲೀಗಲ್), ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಹೆಸರು ಪೊಲೀಸರ ಕಡೆಯಿಂದಲೇ ಹೋಗಲಿ ಅಂತ ನಾನು ಸುಮ್ಮನಾಗುತ್ತೇನೆ. ಹಾಗಂತ ಫೋನ್ ಎತ್ತದೆ ಕೂರುವುದಿಲ್ಲ. ‘ಗೊತ್ತಿಲ್ಲ, 8 ಗಂಟೆಗೆ ಮತ್ತೆ ಹೇಳ್ತೀನಿ’ ಅಂದವನ ಬಗ್ಗೆ ಯಾರೂ ಮುನಿಸಿಕೊಳ್ಳುವುದಿಲ್ಲ. ಹೇಳಿದ ಹಾಗೆ 8 ಗಂಟೆಗೆ ಹೇಳಿಬಿಡಬೇಕು, ಅಷ್ಟೇ. ಅದೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ, ಎಲ್ಲರಿಗೂ ಒಟ್ಟಿಗೆ. ಪರಿಚಯದವರೊಬ್ಬರಿಗೆ ಮೊದಲು ಹೇಳಿದರೆ ಉಳಿದವರ ಹತ್ತಿರ ಮುಖ ಉಳಿಯುವುದಿಲ್ಲ.

ಟಿವಿಯವರದು ಬೇರೆ ಕಥೆ. ಅವರಿಗೆ ದೃಶ್ಯ ಬೇಕು, ಬೈಟ್ (ಕ್ಯಾಮೆರಾ ಮುಂದೆ ಆಡಿದ ಎರಡು ಮಾತು) ಬೇಕು. ಕ್ಯಾಶುವಾಲ್ಟಿ ಬಾಗಿಲಿನಲ್ಲೇ ಕ್ಯಾಮೆರಾ ಇಟ್ಟರೆ ಸ್ಟ್ರೆಚರ್ ಎಲ್ಲಿಂದ ಹೋಗಬೇಕು? ಗೇಟಿನ ಪಕ್ಕ ಹೊಂಗೆ ಮರದ ಕೆಳಗೆ ಜಾಗ ಗೊತ್ತುಮಾಡಿದ್ದೇನೆ. ವೈದ್ಯಕೀಯ ಅಧೀಕ್ಷಕರು ಅಲ್ಲಿಗೇ ಬಂದು ನಿಂತು ಮಾತಾಡುತ್ತಾರೆ. ಮೊದಲ ವಾಕ್ಯದಲ್ಲೇ ವಿಷಯ ಹೇಳಿಬಿಡಿ ಅಂತ ಅವರಿಗೆ ಪ್ರತಿ ಸಲ ನೆನಪಿಸಬೇಕು. ಡಾಕ್ಟರುಗಳಿಗೆ ಪೀಠಿಕೆ ಹಾಕುವ ಚಾಳಿ ಇದೆ. ಚಾನೆಲ್‌ನವರು ಕತ್ತರಿಸುವಾಗ ಉಳಿಸಿಕೊಳ್ಳುವುದು ಪೀಠಿಕೆಯನ್ನಂತೂ ಅಲ್ಲ.

ಇನ್ನು ಒಳ್ಳೆಯ ಸುದ್ದಿ. ವಿಭಾಗದಿಂದ ನನ್ನ ಕೈಗೆ ಬರುವ ಚೀಟಿ ಹೀಗಿರುತ್ತೆ: ‘ನಮ್ಮ ಹೆಮ್ಮೆಯ ಆಸ್ಪತ್ರೆಯ ನುರಿತ ತಜ್ಞರ ತಂಡವು ಅತ್ಯಂತ ಕ್ಲಿಷ್ಟಕರ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನೆರವೇರಿಸಿದೆ.’ ಇದರಲ್ಲಿ ವರದಿಗಾರನಿಗೆ ಬೇಕಾದದ್ದು ಏನೂ ಇಲ್ಲ. ನಾನು ವಾರ್ಡಿಗೆ ಹೋಗಿ ರೋಗಿಯ ಹತ್ತಿರ ಕೂರುತ್ತೇನೆ. ವಯಸ್ಸೆಷ್ಟು, ಯಾವ ಹೋಬಳಿ, ಏನು ಕೆಲಸ, ಮೊದಲು ಎಲ್ಲಿ ತೋರಿಸಿದ್ದರು, ಎಲ್ಲ ಕೇಳಿಕೊಳ್ಳುತ್ತೇನೆ. ಹೆಸರು, ಫೋಟೊ ಹಾಕಬಹುದಾ ಅಂತ ಕೇಳಿ ಸಹಿ ಮಾಡಿಸಿಕೊಳ್ಳುತ್ತೇನೆ. ಬೇಡ ಅಂದರೆ ಬೇಡ. ಆಮೇಲೆ ಬರೆಯುವುದು: ‘ಎರಡು ವರ್ಷದಿಂದ ಊಟ ನುಂಗಲಾಗದೆ ಗಂಜಿಯಲ್ಲೇ ಇದ್ದ 46 ವರ್ಷದ ರೈತ ಮಹಿಳೆ ಈಗ ಮುದ್ದೆ ಉಣ್ಣುತ್ತಿದ್ದಾರೆ.’ ಡಾಕ್ಟರ ಹೆಸರು ಮೂರನೇ ಪ್ಯಾರಾದಲ್ಲಿ ಬರುತ್ತೆ. ಈ ಮೂರನೇ ಪ್ಯಾರಾದ ವಿಷಯಕ್ಕೆ ಒಳಗೆ ಆಗಿರುವ ಜಗಳಗಳನ್ನು ಇಲ್ಲಿ ಬರೆಯುವುದು ಬೇಡ.

ಖರ್ಚು ಎಷ್ಟು ಅನ್ನುವುದನ್ನೂ ಬರೆದೇ ಕಳಿಸುತ್ತೇನೆ. ‘ಬಿಪಿಎಲ್ ಕಾರ್ಡ್ ಇತ್ತಾ?’ ಅಂತ ಪತ್ರಿಕೆಯ ಡೆಸ್ಕಿನಿಂದ ಹೇಗೂ ಕೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಓದುವವರಿಗೆ ನಮ್ಮ ಹೆಸರಿಗಿಂತ ಆ ಒಂದು ಸಾಲು ಉಪಯೋಗಕ್ಕೆ ಬರುತ್ತೆ. ಪತ್ರಿಕೆಯವರೂ ಅದನ್ನು ಕತ್ತರಿಸುವುದಿಲ್ಲ.

ಪ್ರೆಸ್ ನೋಟ್ ಕಳಿಸುವುದು ಮಧ್ಯಾಹ್ನ 3ರ ಒಳಗೆ. ಜಿಲ್ಲಾ ಪುಟ ಬೇಗ ಮುಗಿಯುತ್ತೆ. ಸಂಜೆ ಕಳಿಸಿ ‘ಹಾಕಿಲ್ಲ’ ಅಂತ ಗೊಣಗಿದರೆ ಏನು ಬಂತು? ಪಿಡಿಎಫ್ ಬೇಡ, ಲೆಟರ್‌ಹೆಡ್ ಫೋಟೊನೂ ಬೇಡ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಬೇಕು. ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ಮೊಬೈಲಿಗೆ ಹಾಕಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಬಿಡಿ ಸುದ್ದಿಗಾರರು ಬೈಕ್ ನಿಲ್ಲಿಸಿಕೊಂಡು ಫೋನಿನಲ್ಲೇ ಸುದ್ದಿ ಮಾಡುವವರು, ಅವರಿಗೆ ಕಾಪಿ ಮಾಡಲು ಸಿಗಬೇಕು.

ಅಂಗಾಂಗ ದಾನದ ಸುದ್ದಿಗೆ ಮಾತ್ರ ನಾನು ಜಾಸ್ತಿ ಹೊತ್ತು ಕೂರುತ್ತೇನೆ. ‘ಜೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್’ ಎಲ್ಲರಿಗೂ ಇಷ್ಟದ ಹೆಡ್‌ಲೈನ್. ಆದರೆ ಜನರಿಗೆ ಇರುವ ಅನುಮಾನವೇ ಬೇರೆ, ‘ಜೀವ ಇದ್ದಾಗಲೇ ತೆಗೆದುಬಿಟ್ಟರಾ?’ ಅಂತ. ಅದಕ್ಕೇ ನೋಟಿನಲ್ಲಿ ಬಿಡಿಸಿ ಬರೆಯುತ್ತೇನೆ: ಮಿದುಳು ನಿಷ್ಕ್ರಿಯ ಅಂತ ಹೇಳುವುದು ನಾಲ್ವರು ವೈದ್ಯರ ಮಂಡಳಿ, ಪರೀಕ್ಷೆ ಎರಡು ಸಲ, ನಡುವೆ ಕನಿಷ್ಠ 6 ಗಂಟೆ. ಅಂಗ ಪಡೆದವರ ಹೆಸರು ಎಷ್ಟು ಕೇಳಿದರೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಸುದ್ದಿ ಎಲ್ಲೆಡೆ ಹರಡಿತು. ಆಗ ನಮ್ಮಂಥ ಆಸ್ಪತ್ರೆಗೂ ಫೋನಿನ ಮೇಲೆ ಫೋನು. ತುಂಬಾ ಜನಕ್ಕೆ ಗೊತ್ತಿಲ್ಲದ್ದು ಒಂದೇ, ಸತ್ತ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು ಅನ್ನುವುದು. ಆವತ್ತಿನಿಂದ ಕಣ್ಣಿಗೆ ಸಂಬಂಧಪಟ್ಟ ಯಾವ ನೋಟ್ ಹೋದರೂ ಕೊನೆಗೆ ಆ ಸಾಲು ಇರುತ್ತೆ.

ಕವರ್ ವಿಷಯವನ್ನೂ, ಅಂದರೆ ವರದಿಗಾರರಿಗೆ ಲಕೋಟೆಯಲ್ಲಿ ದುಡ್ಡು ಕೊಡುವ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಪ್ರೆಸ್ ಮೀಟ್‌ನಲ್ಲಿ ಇಡ್ಲಿ, ವಡೆ, ಕಾಫಿ ಇರುತ್ತೆ. ಕವರ್ ಇರುವುದಿಲ್ಲ. ಒಮ್ಮೆ ಕೊಟ್ಟರೆ ಮುಂದಿನ ಸಲ ಬರುವವರು ಕವರಿಗೆ ಬರುತ್ತಾರೆ. ಅದನ್ನು ಮುಟ್ಟದ ಒಳ್ಳೆಯ ವರದಿಗಾರ ನಮ್ಮ ಕಡೆ ತಲೆ ಹಾಕುವುದನ್ನೇ ಬಿಡುತ್ತಾನೆ.

ಕಳೆದ ವರ್ಷ ಪತ್ರಿಕೆಯೊಂದು ‘ವೈದ್ಯರ ನಿರ್ಲಕ್ಷ್ಯ: ಆರೋಪ’ ಅಂತ ಸುದ್ದಿ ಹಾಕಿತು. ನಮ್ಮನ್ನು ಒಂದು ಮಾತು ಕೇಳಿರಲಿಲ್ಲ. ಮೇಲಿನವರು ಲಾಯರ್ ನೋಟಿಸ್ ಕೊಡೋಣ, ಜಾಹೀರಾತು ನಿಲ್ಲಿಸೋಣ ಅಂದರು. ಎರಡೂ ಬೇಡ ಅಂತ ಹಟ ಹಿಡಿದೆ. ರೋಗಿಯ ಕೇಸ್‌ಶೀಟ್ ತೆಗೆದು ತೋರಿಸುವಂತಿಲ್ಲ, ಅದು ಅವರ ಖಾಸಗಿ ವಿಷಯ. ಹೇಳಬಹುದಾದದ್ದನ್ನಷ್ಟೇ ಬರೆದೆ: ಒಳಗಿನ ವಿಚಾರಣೆ ಶುರುವಾಗಿದೆ, ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ಕೇಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಇದೆ, ಕುಟುಂಬದವರು ಅಲ್ಲಿಗೆ ಹೋದರೆ ದಾಖಲೆ ಕೊಡುತ್ತೇವೆ. ಅದನ್ನು ಹಿಡಿದು ನೇರ ಮುಖ್ಯ ವರದಿಗಾರರ ಹತ್ತಿರ ಹೋದೆ. ಮಾರನೇ ದಿನ ಸ್ಪಷ್ಟನೆ ಬಂತು, ಒಳಪುಟದಲ್ಲಿ, ಸಣ್ಣದಾಗಿ.

ಅದೇ ವಾರ ನಮ್ಮ ಕಣ್ಣಿನ ಶಿಬಿರದ ಪ್ರೆಸ್ ನೋಟ್ ಹೋಗಬೇಕಿತ್ತು. ಆ ಪತ್ರಿಕೆಯನ್ನು ಪಟ್ಟಿಯಿಂದ ತೆಗೆಯಿರಿ ಅಂತ ಒಳಗೆ ಒತ್ತಡ ಇತ್ತು. ತೆಗೆಯಲಿಲ್ಲ. ಎಲ್ಲರಿಗೂ ಹೋದ ಹೊತ್ತಿಗೇ ಅವರಿಗೂ ಹೋಯಿತು.